ಕಂಪನಿಯಿಂದ ‘ರೀಕಾಲ್’ ಫೋನ್ ಬಂದರೆ

ಷೋರೂಮಿನಿಂದ ಫೋನ್ ಬರುತ್ತದೆ: ‘ಸರ್, ನಿಮ್ಮ ಗಾಡಿಯ ಏರ್‌ಬ್ಯಾಗ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಕು, ಒಂದ್ಸಲ ತಂದುಕೊಡಿ.’ ನಮ್ಮಲ್ಲಿ ಹೆಚ್ಚಿನವರ ಉತ್ತರ ಸಿದ್ಧವಾಗಿಯೇ ಇರುತ್ತದೆ. ಗಾಡಿ ಚೆನ್ನಾಗೇ ಓಡ್ತಿದೆಯಲ್ಲ, ಮುಂದಿನ ಸರ್ವಿಸ್‌ಗೆ ಬಂದಾಗ ನೋಡೋಣ. ಕ್ಲಚ್ ಜಾರಿದರೆ, ಆಯಿಲ್ ಸೋರಿದರೆ, ಚಕ್ರದ ಕಡೆಯಿಂದ ಕಟಕಟ ಸದ್ದು ಬಂದರೆ ಇದೇ ಜನ ಮರುದಿನ ಬೆಳಿಗ್ಗೆ ವರ್ಕ್‌ಶಾಪ್ ಬಾಗಿಲಲ್ಲಿರುತ್ತಾರೆ. ಸಾಫ್ಟ್‌ವೇರ್ ದೋಷ ಸದ್ದು ಮಾಡುವುದಿಲ್ಲ, ಸೋರುವುದಿಲ್ಲ, ಸುಟ್ಟ ವಾಸನೆಯೂ ಬರುವುದಿಲ್ಲ. ಸದ್ದು ಕೇಳಿಯೇ ‘ಬೇರಿಂಗ್ ಹೋಗಿದೆ’ ಎಂದು ಹೇಳಬಲ್ಲ ಪಳಗಿದ ಮೆಕ್ಯಾನಿಕ್‌ನ ಕಿವಿಗೂ ಅದು ಬೀಳದು. ಹಾಗಾಗಿ ಗಾಡಿ ಚೆನ್ನಾಗಿ ಓಡುತ್ತಿದೆ ಎಂಬ ಮಾತು ಇಲ್ಲಿ ಯಾವುದಕ್ಕೂ ಸಾಕ್ಷಿಯಲ್ಲ.

2016ರ ಮೇ ತಿಂಗಳಲ್ಲಿ ಮಾರುತಿ ಸುಜುಕಿ 75,419 ಬಲೆನೊ ಕಾರುಗಳನ್ನು ವಾಪಸ್ ಕರೆಸಿತು, ಅಂದರೆ ರೀಕಾಲ್ ಮಾಡಿತು. ಏರ್‌ಬ್ಯಾಗ್ ಕಂಟ್ರೋಲರ್‌ನ ಸಾಫ್ಟ್‌ವೇರ್ ಬದಲಿಸಬೇಕಿತ್ತು. 2015ರ ಆಗಸ್ಟ್ 3ರಿಂದ 2016ರ ಮೇ 17ರ ನಡುವೆ ತಯಾರಾದ ಕಾರುಗಳವು. ಅವುಗಳಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ವಿದೇಶಕ್ಕೆ ಹೋಗಿದ್ದವು. ಆ ಮಾಲೀಕರಲ್ಲಿ ಒಬ್ಬರಿಗಾದರೂ ಕಾರು ಓಡಿಸುವಾಗ ಏನೋ ಎಡವಟ್ಟಾಗಿದೆ ಎಂದು ಅನಿಸಲು ಕಾರಣವೇ ಇರಲಿಲ್ಲ. ಏರ್‌ಬ್ಯಾಗ್ ಜೀವಮಾನದಲ್ಲಿ ಒಂದೇ ಒಂದು ಸಲ ಕೆಲಸ ಮಾಡಬೇಕಾದ ವಸ್ತು. ಅದು ಮಾಡುತ್ತದೋ ಇಲ್ಲವೋ ಎಂದು ಮನೆ ಮುಂದೆ ನಿಲ್ಲಿಸಿ ಪರೀಕ್ಷಿಸುವ ಹಾಗಿಲ್ಲ.

ಪೆಟ್ಟಿಗೆಯೊಳಗಿನ ತೀರ್ಮಾನ

ಏರ್‌ಬ್ಯಾಗ್ ಎಂದೊಡನೆ ನಮ್ಮ ಕಣ್ಣು ಸ್ಟಿಯರಿಂಗ್ ಕಡೆಗೆ ಹೋಗುತ್ತದೆ. ಅಲ್ಲಿರುವುದು ಚೀಲ ಮತ್ತು ಅದನ್ನು ಉಬ್ಬಿಸುವ ಮದ್ದು ಮಾತ್ರ. ತೀರ್ಮಾನ ಮಾಡುವ ಕಂಪ್ಯೂಟರ್ ಸಾಮಾನ್ಯವಾಗಿ ಗೇರ್ ಮತ್ತು ಹ್ಯಾಂಡ್‌ಬ್ರೇಕ್ ಇರುವ ನಡುವಿನ ಕನ್ಸೋಲ್ ಕೆಳಗೆ, ಕಾರಿನ ತಳಕ್ಕೆ ಬೋಲ್ಟ್ ಹಾಕಿ ಬಿಗಿದ ಅಂಗೈಯಗಲದ ಪೆಟ್ಟಿಗೆಯಲ್ಲಿರುತ್ತದೆ. ವೇಗ ಎಷ್ಟು ಬೇಗ ಇಳಿಯಿತು ಎಂದು ಅಳೆಯುವ ಸೆನ್ಸರ್ ಅದರೊಳಗೇ ಇದೆ. ಮುಂಭಾಗದ, ಪಕ್ಕದ ಸೆನ್ಸರ್‌ಗಳಿಂದಲೂ ವೈರ್ ಬಂದು ಸೇರುತ್ತವೆ. ಇದು ಹಂಪಿನ ಹೊಡೆತವೋ, ಗುಂಡಿಯೋ, ಎದುರಿನ ಲಾರಿಯೋ ಎಂದು ಸೆಕೆಂಡಿನ ನೂರನೇ ಒಂದೆರಡು ಪಾಲಿನಲ್ಲಿ ಅದು ನಿರ್ಧರಿಸಬೇಕು. ಡಿಕ್ಕಿಯೇ ಎಂದಾದರೆ ಸೀಟ್‌ಬೆಲ್ಟನ್ನು ಜಗ್ಗಿ ಬಿಗಿಮಾಡುವ ಪ್ರಿಟೆನ್ಷನರ್‌ಗೂ, ಚೀಲಕ್ಕೂ ಅಪ್ಪಣೆ ಹೋಗುತ್ತದೆ.

ಇಗ್ನಿಷನ್ ಆನ್ ಮಾಡಿದ ತಕ್ಷಣ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹೊತ್ತಿ ಆರುತ್ತದಲ್ಲ, ಅದು ಈ ಪೆಟ್ಟಿಗೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು ‘ಎಲ್ಲ ಸರಿ’ ಎನ್ನುವ ಸೂಚನೆ. ವೈರ್ ಕಳಚಿದ್ದರೆ, ಸೆನ್ಸರ್ ಕೆಟ್ಟಿದ್ದರೆ ದೀಪ ಆರುವುದಿಲ್ಲ. ಆದರೆ ಪರೀಕ್ಷೆ ಮಾಡುವ ಪ್ರೋಗ್ರಾಮೇ ತಪ್ಪಾಗಿದ್ದರೆ? ಕಾವಲುಗಾರನೇ ನಿದ್ದೆಗೆ ಬಿದ್ದರೆ ಊರನ್ನು ಎಬ್ಬಿಸುವವರು ಯಾರು?

ಅಮೆರಿಕದ ಜನರಲ್ ಮೋಟರ್ಸ್ ಕಂಪನಿಗೆ ಆದದ್ದು ಇದೇ. 2016ರ ಸೆಪ್ಟೆಂಬರ್‌ನಲ್ಲಿ ಅದು ಸುಮಾರು 43 ಲಕ್ಷ ವಾಹನಗಳ ರೀಕಾಲ್ ಘೋಷಿಸಿತು. ಷೆವ್ರೊಲೆ, ಬ್ಯೂಕ್, ಜಿಎಂಸಿ, ಕ್ಯಾಡಿಲ್ಯಾಕ್ ಬ್ರ್ಯಾಂಡುಗಳ 2014ರಿಂದ 2017ರವರೆಗಿನ ಮಾದರಿಗಳವು. ಚಾಲನೆಯ ಕೆಲವು ಅಪರೂಪದ ಸಂದರ್ಭಗಳಲ್ಲಿ ಏರ್‌ಬ್ಯಾಗ್ ಮಾಡ್ಯೂಲ್ ತಾನಾಗಿಯೇ ಪರೀಕ್ಷಾ ಸ್ಥಿತಿಗೆ ಹೋಗಿಬಿಡುತ್ತಿತ್ತು. ಆ ಪರೀಕ್ಷೆ ನಡೆಯುತ್ತಿರುವಾಗಲೇ ಡಿಕ್ಕಿಯಾದರೆ ಮುಂದಿನ ಏರ್‌ಬ್ಯಾಗ್ ತೆರೆಯದು, ಬೆಲ್ಟ್ ಬಿಗಿಯದು. ಒಂದು ಸಾವು, ಮೂವರಿಗೆ ಗಾಯ ಆದ ಮೇಲೆ ವಿಷಯ ಹೊರಬಿತ್ತು. ಕೆಟ್ಟುಹೋಗಿದ್ದ ಭಾಗ ಒಂದೂ ಇರಲಿಲ್ಲ. ಡೀಲರ್‌ಗಳು ಮಾಡಿದ್ದು ಹಳೆಯ ಪ್ರೋಗ್ರಾಮ್ ಅಳಿಸಿ ಹೊಸದನ್ನು ತುಂಬುವ ಕೆಲಸ, ಅಷ್ಟೇ.

ಮರುವರ್ಷ, 2017ರ ಮೇ ತಿಂಗಳಲ್ಲಿ, ಫಿಯಟ್ ಕ್ರೈಸ್ಲರ್ ಕಂಪನಿ ಹನ್ನೆರಡೂವರೆ ಲಕ್ಷದಷ್ಟು ರ‍್ಯಾಮ್ ಪಿಕಪ್‌ಗಳನ್ನು ಕರೆಸಿತು. ವಾಹನದ ಅಡಿಗೆ ಬಲವಾದ ಪೆಟ್ಟು ಬಿದ್ದರೆ ಅದರ ಕಂಪ್ಯೂಟರ್ ಗಲಿಬಿಲಿಗೊಂಡು ಒಂದು ಸೆನ್ಸರ್ ಕೆಟ್ಟಿದೆ ಎಂದುಕೊಳ್ಳುತ್ತಿತ್ತು. ಆಮೇಲೆ ವಾಹನ ಪಲ್ಟಿಯಾದರೆ ಪಕ್ಕದ ಏರ್‌ಬ್ಯಾಗ್ ತೆರೆಯದಿರುವ ಸಾಧ್ಯತೆ ಇತ್ತು. ಇಲ್ಲಿ ದೀಪವಾದರೂ ಹೊತ್ತುತ್ತಿತ್ತು. ಗಾಡಿ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವ ಸಂಭವವೂ ಇತ್ತು. ಆಫ್–ಆನ್ ಮಾಡಿದಾಗ ದೀಪ ಆರಿತೆಂದು ಸುಮ್ಮನಾಗುವ ಅಭ್ಯಾಸ ನಮಗೆಲ್ಲ ಇದೆ. ಹಾಗೆ ಮಾಡಬೇಡಿ. ಏರ್‌ಬ್ಯಾಗ್ ಅಥವಾ ಬ್ರೇಕಿನ ಎಬಿಎಸ್ ದೀಪ ಓಡುವಾಗ ಒಮ್ಮೆ ಹೊತ್ತಿದರೂ ಮೊಬೈಲಿನಲ್ಲಿ ಫೋಟೊ ತೆಗೆದು, ದಿನಾಂಕ ಮತ್ತು ಓಡೋಮೀಟರ್ ರೀಡಿಂಗ್ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಮುಂದೆ ಗಾಡಿ ಸಾಧುವಾಗಿಬಿಡುತ್ತದೆ; ಆಗ ಆ ಫೋಟೊ ಒಂದೇ ನಿಮ್ಮ ಪುರಾವೆ.

ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ನಿಸಾನ್ ಪ್ರಕರಣ. ಮುಂದೆ ಚಾಲಕರ ಪಕ್ಕದ ಸೀಟಿನಲ್ಲಿ ಕೂತವರು ದೊಡ್ಡವರೋ ಮಗುವೋ, ಸೀಟು ಖಾಲಿಯೋ ಎಂದು ಗುರುತಿಸುವ ಸೆನ್ಸರ್ ಕೆಲವು ಕಾರುಗಳಲ್ಲಿರುತ್ತದೆ. ಮಗು ಅಥವಾ ಖಾಲಿ ಎಂದಾದರೆ ಆ ಬದಿಯ ಏರ್‌ಬ್ಯಾಗನ್ನು ಅದು ತಡೆಹಿಡಿಯುತ್ತದೆ. 2014ರ ಮಾರ್ಚ್‌ನಲ್ಲಿ ನಿಸಾನ್ ಅಮೆರಿಕದಲ್ಲಿ ಸುಮಾರು 9.9 ಲಕ್ಷ ವಾಹನಗಳನ್ನು ಕರೆಸಿದ್ದು, ವಯಸ್ಕರು ಕೂತಿದ್ದರೂ ಈ ಸಾಫ್ಟ್‌ವೇರ್ ‘ಸೀಟು ಖಾಲಿ’ ಎಂದು ತೀರ್ಮಾನಿಸಬಹುದಾಗಿದ್ದ ಕಾರಣಕ್ಕೆ. ಖಾಲಿ ಸೀಟಿನೊಂದಿಗೆ ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿದ್ದಾಗಿನ ಹೆಚ್ಚಿನ ನಡುಕ, ಕೂರುವವರ ವಿಚಿತ್ರ ಭಂಗಿ ಇಂಥವು ಸೇರಿ ಲೆಕ್ಕ ತಪ್ಪುತ್ತಿತ್ತು. ನಿಮ್ಮ ಕಾರಿನಲ್ಲಿ ‘ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್’ ದೀಪ ಇದ್ದರೆ, ಪಕ್ಕದಲ್ಲಿ ದೊಡ್ಡವರು ಕೂತಾಗ ಅದರತ್ತ ಒಮ್ಮೆ ಕಣ್ಣು ಹಾಯಿಸಿ. ಹೊತ್ತಿಯೇ ಇದ್ದರೆ ನೆಟ್ಟಗೆ ಕೂರಲು ಹೇಳಿ. ಆಗಲೂ ಆರದಿದ್ದರೆ ಅವರನ್ನು ಹಿಂದಿನ ಸೀಟಿಗೆ ಕಳಿಸಿ, ಗಾಡಿಯನ್ನು ವರ್ಕ್‌ಶಾಪಿಗೆ ಒಯ್ಯಿರಿ. ಕೆಲವು ಕಾರುಗಳಲ್ಲಿ ಇದಕ್ಕೆ ಕೀಲಿಯಿಂದ ತಿರುಗಿಸುವ ಸ್ವಿಚ್ ಇರುತ್ತದೆ. ಯಾರೋ ಯಾವಾಗಲೋ ತಿರುಗಿಸಿ ಮರೆತಿರಲೂಬಹುದು, ಮೊದಲು ಅದನ್ನು ನೋಡಿ.

ರಿಪೇರಿಯೇ ದೋಷವಾದಾಗ

ಬ್ರೇಕಿಗೂ ಈಗ ಕಂಪ್ಯೂಟರೇ ಯಜಮಾನ. 2010ರ ಫೆಬ್ರುವರಿಯಲ್ಲಿ ಟೊಯೊಟಾ ಪ್ರಿಯಸ್ ಸೇರಿದಂತೆ 4.37 ಲಕ್ಷ ಹೈಬ್ರಿಡ್ ಕಾರುಗಳನ್ನು ಎಬಿಎಸ್ ಸಾಫ್ಟ್‌ವೇರ್‌ಗಾಗಿ ಹಿಂದಕ್ಕೆ ಕರೆಸಿತ್ತು. ಏರುಪೇರಿನ ಅಥವಾ ಜಾರುವ ರಸ್ತೆಯಲ್ಲಿ ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಯುವುದು ಒಂದು ಕ್ಷಣ ತಡವಾಗುತ್ತಿತ್ತು. ಒಂದು ಕ್ಷಣ ಎಂದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿ: ಅರ್ಧ ಸೆಕೆಂಡಿನಲ್ಲಿ ಕಾರು ಸಾಗುವ ದೂರ ಎಂಟು ಮೀಟರ್ ಮೀರುತ್ತದೆ.

ಆ ಕಾಲದ ದೋಷಗಳು ಕಾರ್ಖಾನೆಯಿಂದಲೇ ಬಂದವು. ಈಗಿನ ಹೊಸ ಬಗೆ ಬೇರೆ: ನಿನ್ನೆಯವರೆಗೆ ಸರಿಯಿದ್ದ ಗಾಡಿ ಅಪ್‌ಡೇಟ್ ಆದ ಮೇಲೆ ಕೆಡುವುದು. ಟೆಸ್ಲಾ 2021ರ ಅಕ್ಟೋಬರ್‌ನಲ್ಲಿ ತನ್ನ ಸ್ವಯಂಚಾಲನಾ ಬೀಟಾ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯನ್ನು ಇಂಟರ್ನೆಟ್ ಮೂಲಕ ನೇರವಾಗಿ ಕಾರುಗಳಿಗೇ ಕಳಿಸಿತು. ಎದುರಿಗೆ ಏನೂ ಇಲ್ಲದಿದ್ದರೂ ಡಿಕ್ಕಿ ಎಚ್ಚರಿಕೆ ಮೊಳಗುವುದು, ತುರ್ತು ಬ್ರೇಕ್ ತಾನಾಗಿ ಬೀಳುವುದು ಶುರುವಾಯಿತು. ಒಳಗಿನ ಎರಡು ಚಿಪ್‌ಗಳ ನಡುವೆ ಮಾತು ಕಡಿದುಹೋಗುತ್ತಿದ್ದದ್ದು ಕಾರಣ. ಕಂಪನಿ ಆವೃತ್ತಿಯನ್ನು ಹಿಂದಕ್ಕೆ ಪಡೆದು, ಸರಿಪಡಿಸಿ, 11,704 ವಾಹನಗಳ ರೀಕಾಲ್ ದಾಖಲಿಸಿತು.

2025ರ ವೋಲ್ವೊ ಪ್ರಕರಣ ಇನ್ನೂ ಗಂಭೀರ. ಅಮೆರಿಕದಲ್ಲಿ ಸುಮಾರು ಹನ್ನೊಂದು ಸಾವಿರ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ವೋಲ್ವೊಗಳಲ್ಲಿ, ಒಂದು ನಿರ್ದಿಷ್ಟ ಸಾಫ್ಟ್‌ವೇರ್ ಹಾಕಿಸಿಕೊಂಡ ನಂತರ, ಇಳಿಜಾರಿನಲ್ಲಿ ‘ಬಿ’ ಮೋಡ್ ಅಥವಾ ಒಂದೇ ಪೆಡಲಿನ ಮೋಡ್‌ನಲ್ಲಿ ಕನಿಷ್ಠ 100 ಸೆಕೆಂಡ್ ಸುಮ್ಮನೆ ಇಳಿಯುತ್ತ ಬಂದರೆ ಆಮೇಲೆ ಬ್ರೇಕ್ ಪೂರ್ತಿ ಕೈಕೊಡುವ ಅಪಾಯವಿತ್ತು. ಊರೊಳಗೆ ಓಡಿಸುವವರಿಗೆ ಅಂಥ ಇಳಿಜಾರು ಸಿಗಲಿಕ್ಕಿಲ್ಲ. ಆಗುಂಬೆ, ಚಾರ್ಮಾಡಿ ಘಾಟಿ ಇಳಿದವರಿಗೆ ನೂರು ಸೆಕೆಂಡ್ ಎಷ್ಟು ಸಾಮಾನ್ಯ ಎಂದು ಹೇಳಬೇಕಿಲ್ಲ. ಅಪ್‌ಡೇಟ್ ಆಗುವವರೆಗೆ ಆ ಮೋಡ್‌ಗಳನ್ನು ಬಳಸಲೇಬೇಡಿ ಎಂದು ಅಲ್ಲಿನ ಸುರಕ್ಷತಾ ಸಂಸ್ಥೆ ಮಾಲೀಕರಿಗೆ ತಾಕೀತು ಮಾಡಿತು.

ಇದರರ್ಥ ಅಪ್‌ಡೇಟ್ ಬೇಡ ಎಂದಲ್ಲ. ಬಿಟ್ಟರೆ ಹಳೆಯ ದೋಷ ಹಾಗೇ ಉಳಿಯುತ್ತದೆ. ಗಾಡಿ ಮನೆಯಲ್ಲಿ ನಿಂತಿರುವಾಗ ಮಾಡಿಸಿ. ಮೊದಲಿನ ಆವೃತ್ತಿಯ ಸಂಖ್ಯೆ, ಆಮೇಲಿನ ಸಂಖ್ಯೆ ಎರಡನ್ನೂ ಪರದೆಯ ಫೋಟೊ ತೆಗೆದಿಡಿ. ಮೊದಲ ಓಟ ಖಾಲಿ ರಸ್ತೆಯಲ್ಲಿರಲಿ, ಬ್ರೇಕ್ ಹಿಡಿಯುವ ರೀತಿ ಬದಲಾಗಿದೆಯೇ ಗಮನಿಸಿ. ಮರುದಿನವೇ ಘಟ್ಟ ಹತ್ತುವ ಯೋಜನೆ ಇದ್ದರೆ ಹಿಂದಿನ ರಾತ್ರಿ ಅಪ್‌ಡೇಟ್ ಒತ್ತದಿರುವುದೇ ಲೇಸು, ಅದು ಸುರಕ್ಷತಾ ರೀಕಾಲ್ ಅಲ್ಲದಿದ್ದರೆ.

ನಮ್ಮಲ್ಲಿ ಏನು ನಿಯಮ?

ಭಾರತದಲ್ಲಿ ರೀಕಾಲ್ ಬಹುಕಾಲ ಕಂಪನಿಗಳ ಸ್ವಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ವಾಹನ ತಯಾರಕರ ಸಂಘ ಸಿಯಾಮ್ 2012ರಲ್ಲಿ ಒಂದು ಸಂಹಿತೆ ಮಾಡಿಕೊಂಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110ಎ ಕಲಂ ಸೇರಿದ ಮೇಲೆ ಸರ್ಕಾರವೇ ಆದೇಶಿಸಿ ಕರೆಸುವ ಅಧಿಕಾರ ಬಂತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನಗಳಿಗೆ ಇವು ಅನ್ವಯ. ಸರ್ಕಾರ ಕಡ್ಡಾಯ ಮಾಡಿ ಕರೆಸಿದರೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಕಂಪನಿ ತಾನೇ ದೋಷ ಒಪ್ಪಿ ಕರೆಸಿದರೆ ದಂಡವಿಲ್ಲ. ನಿಮಗೆ ಬರುವ ಫೋನುಗಳೆಲ್ಲ ‘ಸ್ವಯಂಪ್ರೇರಿತ’ವಾಗಿರುವುದಕ್ಕೆ ಇದೂ ಒಂದು ಕಾರಣ. ದಂಡದ ಮೊತ್ತ ದೊಡ್ಡ ಕಂಪನಿಗಳಿಗೆ ಚಿಲ್ಲರೆ ಕಾಸು ಎಂಬುದು ನನ್ನ ಅಭಿಪ್ರಾಯ. ಅವರು ಹೆದರುವುದು ಹೆಸರು ಕೆಡುವುದಕ್ಕೆ.

ಅದಕ್ಕೇ ಕಂಪನಿಗಳ ಸಂದೇಶದಲ್ಲಿ ರೀಕಾಲ್ ಎಂಬ ಪದ ಕಾಣದೆ ‘ಸರ್ವಿಸ್ ಕ್ಯಾಂಪೇನ್’, ‘ಮುನ್ನೆಚ್ಚರಿಕೆ ತಪಾಸಣೆ’ ಎಂಬ ಮೆತ್ತನೆಯ ಮಾತುಗಳಿರುವುದುಂಟು. ಉಚಿತ ವಾಷಿಂಗ್ ಕ್ಯಾಂಪಿನ ಮೆಸೇಜಿನ ಜತೆ ಅದನ್ನೂ ಡಿಲೀಟ್ ಮಾಡಿಬಿಡುತ್ತೇವೆ. ಫೋನ್ ಮಾಡಿದವರನ್ನು ನೇರವಾಗಿ ಕೇಳಿ: ಇದು ಸುರಕ್ಷತೆಗೆ ಸಂಬಂಧಿಸಿದ್ದೇ? ಯಾವ ಭಾಗ? ಅಲ್ಲಿಯವರೆಗೆ ಓಡಿಸಬಹುದೇ?

ಕೊನೆಯ ಪ್ರಶ್ನೆ ಮುಖ್ಯ. 2022ರ ಅಕ್ಟೋಬರ್‌ನಲ್ಲಿ ಕಿಯಾ 44,174 ಕ್ಯಾರೆನ್ಸ್ ಕಾರುಗಳನ್ನು ಏರ್‌ಬ್ಯಾಗ್ ಮಾಡ್ಯೂಲ್‌ನ ಸಾಫ್ಟ್‌ವೇರ್ ಪರಿಶೀಲನೆಗೆ ಕರೆಸಿತು. ಅಗತ್ಯವಿದ್ದರೆ ಉಚಿತ ಅಪ್‌ಡೇಟ್. ಅದಾಗಿ ಮೂರು ತಿಂಗಳಿಗೆ, 2023ರ ಜನವರಿಯಲ್ಲಿ, ಮಾರುತಿ 17,362 ಕಾರುಗಳಲ್ಲಿ ಏರ್‌ಬ್ಯಾಗ್ ಕಂಟ್ರೋಲರನ್ನೇ ಬದಲಿಸಲು ಕರೆ ನೀಡಿದಾಗ, ಬದಲಾಗುವವರೆಗೆ ಕಾರು ಓಡಿಸಬೇಡಿ ಎಂದು ಸ್ಪಷ್ಟವಾಗಿ ಸೂಚಿಸಿತು. ಆ ಪಟ್ಟಿಯಲ್ಲಿದ್ದ ಗ್ರ್ಯಾಂಡ್ ವಿಟಾರಾ ತಯಾರಾಗುವುದು ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಟೊಯೊಟಾ ಕೂಡ ಅದೇ ಕಾರಣಕ್ಕೆ 1,390 ಗ್ಲಾಂಜಾ ಮತ್ತು ಹೈರೈಡರ್‌ಗಳನ್ನು ಕರೆಸಿತ್ತು. ಬ್ಯಾಡ್ಜ್ ಬೇರೆಯಾದರೂ ಒಳಗಿನ ಪೆಟ್ಟಿಗೆ ಒಂದೇ ಆಗಿರಬಹುದು. ನಿಮ್ಮ ಕಾರಿನ ಅವಳಿ ಮಾದರಿ ರೀಕಾಲ್ ಆಯಿತೆಂದು ಪತ್ರಿಕೆಯಲ್ಲಿ ಓದಿದರೆ ನಿಮ್ಮದನ್ನೂ ಪರೀಕ್ಷಿಸಿಕೊಳ್ಳಿ.

ಚಾಸಿ ನಂಬರ್ ಹುಡುಕಿ

ರೀಕಾಲ್ ತೀರ್ಮಾನವಾಗುವುದು ಮಾದರಿಯ ಹೆಸರಿನಿಂದಲ್ಲ, ಚಾಸಿ ನಂಬರಿನಿಂದ. ಹದಿನೇಳು ಅಕ್ಷರ–ಅಂಕಿಗಳ ಈ ಸಂಖ್ಯೆ ಆರ್‌ಸಿ ಕಾರ್ಡಿನಲ್ಲಿ, ವಿಮಾ ಪಾಲಿಸಿಯಲ್ಲಿ ಇರುತ್ತದೆ. ಗಾಡಿಯ ಮೇಲೂ ಇರುತ್ತದೆ: ಮುಂದಿನ ಗಾಜಿನ ಕೆಳಮೂಲೆ, ಬಾಗಿಲ ಕಂಬದ ಸ್ಟಿಕರ್, ಮುಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿದರೆ ಕಾಣುವ ಕೆತ್ತನೆ, ಕಂಪನಿಯಿಂದ ಕಂಪನಿಗೆ ಜಾಗ ಬೇರೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇದರಲ್ಲಿ ಬರುವುದಿಲ್ಲ. ಸೊನ್ನೆಯಂತೆ ಕಂಡರೆ ಅದು ಸೊನ್ನೆಯೇ. ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಇದನ್ನು ಹಾಕಿದರೆ ಉತ್ತರ ಸಿಗುತ್ತದೆ. ಸಿಯಾಮ್ ವೆಬ್‌ಸೈಟಿನಲ್ಲೂ ಸ್ವಯಂಪ್ರೇರಿತ ರೀಕಾಲ್‌ಗಳ ಪಟ್ಟಿ ಇದೆ. ವಾಟ್ಸ್ಯಾಪ್‌ನಲ್ಲಿ ಬಂದ ರೀಕಾಲ್ ಲಿಂಕ್ ಒತ್ತಿ ಆ್ಯಪ್ ಇಳಿಸಿಕೊಳ್ಳುವ ಗೋಜಿಗೆ ಹೋಗಬೇಡಿ, ಡೀಲರ್‌ಗೇ ಫೋನ್ ಮಾಡಿ.

ಸೆಕೆಂಡ್ ಹ್ಯಾಂಡ್ ಕೊಂಡವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಕಂಪನಿಯ ಪತ್ರ, ಫೋನ್ ಹೋಗುವುದು ಮೊದಲ ಮಾಲೀಕರ ವಿಳಾಸಕ್ಕೆ. ಅವರು ಮೈಸೂರಿನಲ್ಲಿ ಕೂತು ‘ಆ ಕಾರು ಮಾರಿಬಿಟ್ಟೆ’ ಎಂದು ಫೋನ್ ಇಡುತ್ತಾರೆ; ಕಲಬುರಗಿಯಲ್ಲಿ ಅದನ್ನು ಓಡಿಸುತ್ತಿರುವ ನಿಮಗೆ ಸುದ್ದಿಯೇ ಇಲ್ಲ. ಆರ್‌ಸಿ ವರ್ಗಾವಣೆ ಮಾಡಿಸಿದ ವಾರದಲ್ಲೇ ಯಾವುದಾದರೂ ಅಧಿಕೃತ ಡೀಲರ್ ಬಳಿ ಹೋಗಿ ಚಾಸಿ ನಂಬರ್ ಎದುರು ನಿಮ್ಮ ಹೆಸರು, ಮೊಬೈಲ್ ಹಾಕಿಸಿ, ಬಾಕಿ ಕ್ಯಾಂಪೇನ್ ಇದೆಯೇ ಕೇಳಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತುವುದೇ ಇಲ್ಲ ಎಂದರೆ ಅದೂ ಒಳ್ಳೆಯ ಲಕ್ಷಣವಲ್ಲ. ಅಪಘಾತವಾದ ಕಾರಿಗೆ ಹೊಸ ಏರ್‌ಬ್ಯಾಗ್ ಹಾಕದೆ ದೀಪವನ್ನೇ ಬಂದ್ ಮಾಡಿ ಮಾರಿರಬಹುದು.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿ ಹಳೆ ಕಾರು ಕೊಳ್ಳುತ್ತಿದ್ದರೆ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಆ ಕಾರಿನ ಚಾಸಿ ನಂಬರ್ ಹಾಕಿ ನೋಡಲು ಹೇಳಿ. ರೀಕಾಲ್ ಬಾಕಿಯಿರುವ ಹಳೆ ಕಾರನ್ನು ಡೀಲರ್ ಮಾರದಂತೆ ತಡೆಯುವ ಫೆಡರಲ್ ಕಾನೂನು ಅಲ್ಲಿಲ್ಲ. ಬ್ರಿಟನ್ನಿನಲ್ಲಾದರೆ ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಸಾಕು.

ವರ್ಕ್‌ಶಾಪಿನಲ್ಲಿ

ಕೆಲಸ ನೋಡಲು ಏನೂ ಇರುವುದಿಲ್ಲ. ಸ್ಟಿಯರಿಂಗ್ ಕೆಳಗೆ ಮೊಣಕಾಲಿನ ಎತ್ತರದಲ್ಲಿರುವ ಹದಿನಾರು ಪಿನ್ನಿನ ಸಾಕೆಟ್‌ಗೆ ಕೇಬಲ್ ಚುಚ್ಚುತ್ತಾರೆ, ಲ್ಯಾಪ್‌ಟಾಪಿನಲ್ಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳುತ್ತದೆ. ಬಾನೆಟ್ ಎತ್ತಿ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿದ್ದಾರೆಯೇ ನೋಡಿ. ಹೊಸ ಪ್ರೋಗ್ರಾಮ್ ಬರೆಯುವ ನಡುವೆ ವೋಲ್ಟೇಜ್ ಬಿದ್ದರೆ ಮಾಡ್ಯೂಲ್ ಅರೆಬರೆ ಬರೆದ ಸ್ಥಿತಿಯಲ್ಲಿ ನಿಂತು ನಿರುಪಯುಕ್ತವಾಗಬಹುದು. ನೀವು ಹಾಕಿಸಿರುವ ಜಿಪಿಎಸ್ ಅಥವಾ ಡಯಾಗ್ನಾಸ್ಟಿಕ್ ಡಾಂಗಲ್ ಅದೇ ಸಾಕೆಟ್‌ನಲ್ಲಿದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ.

ರೀಕಾಲ್ ಕೆಲಸಕ್ಕೆ ಹಣವಿಲ್ಲ. ವಾರಂಟಿ ಮುಗಿದಿದ್ದರೂ, ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸುತ್ತಿದ್ದರೂ ಅದು ಉಚಿತವೇ. ‘ಬಂದಿದ್ದೀರಲ್ಲ, ಥ್ರಾಟಲ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಷನ್ ಮಾಡಿಬಿಡೋಣ’ ಎಂಬ ರಾಗಕ್ಕೆ ತಲೆಯಾಡಿಸುವ ಅಗತ್ಯವಿಲ್ಲ. ಜಾಬ್ ಕಾರ್ಡಿನಲ್ಲಿ ಕ್ಯಾಂಪೇನ್ ಸಂಖ್ಯೆ, ಹಳೆಯ ಮತ್ತು ಹೊಸ ಸಾಫ್ಟ್‌ವೇರ್ ಆವೃತ್ತಿ ಬರೆಸಿಕೊಳ್ಳಿ. ‘ಚೆಕ್ಡ್, ಓಕೆ’ ಎಂದು ಗೀಚಿದ ಕಾಗದ ಸಾಲದು. ಹೊರಡುವ ಮುನ್ನ ಇಗ್ನಿಷನ್ ಆನ್ ಮಾಡಿ, ದೀಪ ಹೊತ್ತಿ ಆರುವುದನ್ನು ಕಣ್ಣಾರೆ ನೋಡಿ.

ಬಿಡಿಭಾಗ, ಅಪಾಯಿಂಟ್‌ಮೆಂಟ್ ಸಿಗುವುದು ತಡವಾದರೆ? ಓಡಿಸಬೇಡಿ ಎಂದಿದ್ದರೆ ಓಡಿಸಬೇಡಿ, ಗಾಡಿಯನ್ನು ಒಯ್ಯುವ ವ್ಯವಸ್ಥೆ ಮಾಡುವಂತೆ ಡೀಲರ್‌ಗೆ ಕೇಳಿ. ಹಾಗೆ ಹೇಳಿಲ್ಲದಿದ್ದರೆ, ಏರ್‌ಬ್ಯಾಗ್ ದೋಷದಲ್ಲೂ ಬೆಲ್ಟ್ ಬೆಲ್ಟೇ: ಪ್ರಿಟೆನ್ಷನರ್ ಬಿಗಿಯದಿದ್ದರೂ ಅದು ಹಿಡಿದುಕೊಳ್ಳುತ್ತದೆ. ಹಿಂದಿನ ಸೀಟಿನವರೂ ಹಾಕಿಕೊಳ್ಳಲಿ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯಲ್ಲಿ ದೋಷವಿದ್ದರೆ ಅದನ್ನು ಆಫ್ ಮಾಡಬೇಕೇ ಬೇಡವೇ ಎಂಬುದನ್ನು ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ದೋಷ ಇದೆ ಎಂದು ನಿಮಗೆ ಅನಿಸಿ ಕಂಪನಿ ಒಪ್ಪದಿದ್ದರೆ ರಸ್ತೆ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಒಂದೇ ಮಾದರಿಯ ಮೇಲೆ ಬರುವ ದೂರುಗಳ ಸಂಖ್ಯೆ ನಿಗದಿತ ಮಟ್ಟ ಮೀರಿದರೆ ಕಡ್ಡಾಯ ರೀಕಾಲ್‌ನ ಪ್ರಕ್ರಿಯೆ ಆರಂಭವಾಗುವುದರಿಂದ ನಿಮ್ಮ ಒಂದು ದೂರಿಗೂ ಲೆಕ್ಕವಿದೆ. ಗ್ರಾಹಕ ಸಹಾಯವಾಣಿ 1915.

ಅಪಘಾತವಾಗಿ ಏರ್‌ಬ್ಯಾಗ್ ತೆರೆಯದೇ ಹೋದ ಪ್ರಕರಣಗಳಲ್ಲಿ ಕಂಪನಿಗಳ ಮಾಮೂಲಿ ಉತ್ತರ ‘ಡಿಕ್ಕಿಯ ಬಲ ಸಾಲದು’ ಎಂಬುದು. 2017ರಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ಹ್ಯುಂಡೈ ಕ್ರೆಟಾದ ಮಾಲೀಕರಿಗೆ ಬಂದ ಉತ್ತರವೂ ಅದೇ ಧಾಟಿಯದು. ಆ ಪ್ರಕರಣ ಸಾಫ್ಟ್‌ವೇರ್ ದೋಷದ್ದೆಂದು ಸಾಬೀತಾದದ್ದಲ್ಲ. ಆದರೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ವೇಗ–ಬಲಗಳ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರ ಬಲ್ಲವನಾಗಿರಬೇಕಿಲ್ಲ ಎಂಬರ್ಥದಲ್ಲಿ ಹೇಳಿ, ವಾಹನ ಬದಲಿಸಿ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಗ್ರಾಹಕ ಆಯೋಗದ ಆದೇಶವನ್ನು ಎತ್ತಿಹಿಡಿಯಿತು.

ಅಂಥ ಸ್ಥಿತಿ ಬಂದರೆ ಗಾಡಿಯನ್ನು ಬಿಚ್ಚಲು ಆತುರಪಡಬೇಡಿ. ವಿಮಾ ಸರ್ವೇಯರ್ ಒಪ್ಪಿದರೂ ಮುಂಭಾಗ, ಚಾಸಿ ಕೊನೆಗಳು, ಸ್ಟಿಯರಿಂಗ್, ಬೆಲ್ಟ್, ಡ್ಯಾಶ್‌ಬೋರ್ಡ್ ದೀಪಗಳ ಫೋಟೊ, ವಿಡಿಯೊ ಆಗುವ ತನಕ ತಡೆಯಿರಿ. ಕನ್ಸೋಲ್ ಕೆಳಗಿನ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಬಿಡಬೇಡಿ. ಬಹಳಷ್ಟು ಕಾರುಗಳಲ್ಲಿ ಡಿಕ್ಕಿಗೆ ಮುಂಚಿನ ಕ್ಷಣಗಳ ದಾಖಲೆ ಅದರಲ್ಲಿರುತ್ತದೆ. ಅದರೊಳಗಿನ ದತ್ತಾಂಶದ ವರದಿಯನ್ನು ಕಂಪನಿಯಿಂದ ಇಮೇಲ್‌ನಲ್ಲಿ ಕೇಳಿ. ಕಾರಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಸಲ್ಲಿಸಲು ಎರಡು ವರ್ಷ ಕಾಲಾವಕಾಶವಿದೆ.